ಎಸರಿನ ನೊರೆ

ಬೆಳಿಗ್ಗೆ ಗಿರಣಿ ಶುರುಮಾಡುವ ಮೊದಲು, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ್ದ ಉದ್ದನೆಯ ಬಟ್ಟೆಚೀಲವನ್ನು ಬಿಚ್ಚಿ ಹೊರಗೆ ಒಯ್ದು ಕೊಡವುತ್ತಿದ್ದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅಮ್ಮನ ಕೈಯಲ್ಲಿ. ಬಟ್ಟೆ ಪಟಪಟ ಬಡಿದುಕೊಳ್ಳುತ್ತಿದ್ದಂತೆ ಬಿಳಿಯ ದೂಳು ಎದ್ದು ಅಮ್ಮನ ಮುಖ ಮಸುಕಾಗುತ್ತಿತ್ತು. ಅದು ಕೆಳಗಿಳಿಯುವ ಹೊತ್ತಿಗೆ ಅವಳು ಒಳಗೆ ಹೋಗಿರುತ್ತಿದ್ದಳು.

ಅಪ್ಪ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ಗಿರಣಿಗೆ ಬಂದೆ. ಜನ ಅಯ್ಯೋ ಪಾಪ ಎಂದರು. ನನಗೆ ಹಾಗನ್ನಿಸಿರಲಿಲ್ಲ, ಆದರೆ ಅದನ್ನು ಯಾರಿಗೂ ಹೇಳಿರಲೂ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೂಗಿದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಗಿರಣಿಯ ಸದ್ದಿನಲ್ಲಿ ಮಾತಿಗೆ ಕೆಲಸವೇ ಇಲ್ಲ. ಹಿಟ್ಟು ನುಣ್ಣಗೆ ಬೇಕೆನ್ನುವವರು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ತೋರಿಸುತ್ತಾರೆ, ತರಿ ಬೇಕೆನ್ನುವವರು ಬೆರಳು ಬಿಡಿಸಿ ಅಲ್ಲಾಡಿಸುತ್ತಾರೆ. ನಾನು ತಲೆಯಾಡಿಸಿದರೆ ಸಾಕು. ಅಲ್ಲಿ ನಾನು ಎಲ್ಲರಂತೆಯೇ ಇದ್ದೆ.

ತಾಪತ್ರಯಗಳು ದಿನಾ ಇದ್ದವು. ಅರ್ಧ ಡಬ್ಬ ರಾಗಿ ಬೀಸುವಾಗ ಕರೆಂಟು ಹೋಗುತ್ತಿತ್ತು. ಬೆಲ್ಟು ಜಾರುತ್ತಿತ್ತು. ತಮ್ಮ ಡಬ್ಬವನ್ನು ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ ಸರದಿ ಕದಿಯುವವರಿದ್ದರು, ಹಿಟ್ಟು ಕಮ್ಮಿ ಬಂತೆಂದು ಮುಖ ಊದಿಸಿಕೊಳ್ಳುವವರಿದ್ದರು. ಅವೆಲ್ಲ ಬಂದು ಹೋಗುವಂಥವು. ಆ ವರ್ಷ ಬಂದದ್ದು ಮಾತ್ರ ನನಗೆ ಅರ್ಥವಾಗಲಿಲ್ಲ.

ಮೊದಲು ದೂರು ತಂದವಳು ಹಿಂದಿನ ಬೀದಿಯ ಸಣ್ಣತಾಯಮ್ಮ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ರಾಗಿ ಬೀಸಿಸಿಕೊಂಡು ಹೋದವಳು ಮಧ್ಯಾಹ್ನ ಡಬ್ಬದ ಸಮೇತ ತಿರುಗಿ ಬಂದಳು. ಆಗ ಕರೆಂಟು ಹೋಗಿ ಯಂತ್ರ ನಿಂತಿದ್ದರಿಂದ ಅವಳು ಅಮ್ಮನಿಗೆ ಹೇಳಿದ್ದು ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಏನವ್ವ ಚೆನ್ನಾಜಮ್ಮ, ಮುದ್ದೆ ಮಾಡಾನ ಅಂತ ಎಸರಿಗೆ ಹಿಟ್ಟು ಹಾಕಿದ್ದೇ ತಡ, ನೊರೆ ಉಕ್ಕಿ ಒಲೆ ಆರೋಯ್ತು. ನಮ್ಮ ಯಜಮಾನ್ರು ಕೇಳ್ತಾರೆ, ಇವತ್ತು ಊಟನೋ ಎಣ್ಣೆಸ್ನಾನನೋ ಅಂತ!"

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ನಮ್ಮ ಮನೆಗೆಂದು ತೆಗೆದಿಟ್ಟಿದ್ದ ಹಿಟ್ಟನ್ನು ಅವಳ ಡಬ್ಬಕ್ಕೆ ಸುರಿದು ಕೊಟ್ಟಳು.

ನೊರೆ ಎಂದರೆ ಸೀಗೆಕಾಯಿ, ಅಷ್ಟು ನನಗೆ ಗೊತ್ತಿತ್ತು. ನಮ್ಮಲ್ಲಿ ಇದ್ದದ್ದು ಒಂದೇ ಯಂತ್ರ. ಸೀಗೆಕಾಯಿ ತಂದವರು ಸಂಜೆಯವರೆಗೆ ಕಾಯಬೇಕು, ಧಾನ್ಯವೆಲ್ಲ ಮುಗಿದ ಮೇಲೆ ಅವರ ಸರದಿ. ಅದಾದ ಮೇಲೆ ಒಂದಷ್ಟು ಅಕ್ಕಿನುಚ್ಚು ಸುರಿದು ಯಂತ್ರ ಓಡಿಸಬೇಕು. ಕಲ್ಲುಗಳ ನಡುವೆ ಉಳಿದ ಸೀಗೆಪುಡಿಯನ್ನೆಲ್ಲ ನುಚ್ಚು ಒರೆಸಿಕೊಂಡು ಬರುತ್ತದೆ. ಆ ಹಿಟ್ಟನ್ನು ತಿಪ್ಪೆಗೆ ಚೆಲ್ಲಬೇಕು. ಇದು ಅಪ್ಪ ಮಾಡಿಟ್ಟ ಪದ್ಧತಿ. ಅಪ್ಪ ಹೋದ ಮೇಲೆ ನುಚ್ಚು ಓಡಿಸುವುದು ಅಮ್ಮನ ಪಾಲಿಗೆ ಬಂದಿತ್ತು. ಆ ಹೊತ್ತಿಗೆ ನಾನು ಒಲೆ ಹಚ್ಚಲು ಮನೆಗೆ ಹೋಗಿರುತ್ತಿದ್ದೆ.

ಮತ್ತೆ ಮತ್ತೆ ದೂರು ಬಂತು. ನಾನು ಬಟ್ಟೆಚೀಲವನ್ನು ಬಿಸಿನೀರಿನಲ್ಲಿ ಒಗೆದೆ. ಮಿಸ್ತ್ರಿ ಮುದ್ದಪ್ಪನನ್ನು ಕರೆಸಿ ಯಂತ್ರ ಬಿಚ್ಚಿಸಿದೆ. ಅವನು ಕಲ್ಲಿನ ಮೇಲೆ ಬೆರಳಾಡಿಸಿ, "ಕಲ್ಲು ಚೆನ್ನಾಗೇ ಐತೆ ಕಣಮ್ಮ. ನಿಮ್ಮನ್ನ ಕಂಡ್ರೆ ಆಗದೋರು ಯಾರೋ ಮಾತು ಹಬ್ಬಿಸ್ತಾವ್ರೆ," ಎಂದ. ಅದನ್ನೂ ನಂಬಿದೆ. ಪೇಟೆಯ ತುದಿಯಲ್ಲಿ ಹೊಸ ಗಿರಣಿ ಬಂದಿತ್ತು, ಅವರದೇ ಕೆಲಸವಿರಬಹುದು ಎಂದುಕೊಂಡೆ. ಆದರೆ ಒಂದು ಬೆಳಿಗ್ಗೆ ಮೊದಲು ಬಿದ್ದ ಹಿಟ್ಟನ್ನು ನಾನೇ ನಾಲಿಗೆಗೆ ಇಟ್ಟುಕೊಂಡೆ. ಕಹಿಯಾಗಿತ್ತು.

"ಅಮ್ಮ, ಸೀಗೆಕಾಯಿ ತಗೊಳ್ಳೋದೇ ಬೇಡ," ಎಂದೆ.

"ಬಂದ ಗಿರಾಕೀನ ಬೇಡ ಅನ್ನಕ್ಕಾಗ್ತದಾ?" ಎಂದಳು ಅಮ್ಮ. ನನಗೆ ತಲೆ ಕೆಟ್ಟಂತಾಯಿತು. ಇರುವ ಗಿರಾಕಿಗಳೆಲ್ಲ ಹೋಗುತ್ತಿದ್ದರೂ ಅವಳಿಗೆ ಗಾಬರಿಯೇ ಇರಲಿಲ್ಲ. ಸಣ್ಣತಾಯಮ್ಮ ಈಗ ಡಬ್ಬ ಹೊತ್ತು, ಮುಖವನ್ನು ಎದುರು ಮನೆಗಳ ಕಡೆ ತಿರುಗಿಸಿಕೊಂಡು ನಮ್ಮ ಬಾಗಿಲ ಮುಂದೆಯೇ ಹೊಸ ಗಿರಣಿಗೆ ಹೋಗುತ್ತಿದ್ದಳು. ಹೀಗೇ ಆದರೆ ಗಿರಣಿ ನಿಲ್ಲುತ್ತದೆ, ನಿಂತರೆ ನಾನು ಎಲ್ಲಿಗೆ ಹೋಗಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಒಂದು ಸಂಜೆ ಮನೆಗೆ ಹೋಗಿ ನೋಡಿದರೆ ಬೆಂಕಿಪೊಟ್ಟಣ ಖಾಲಿ. ಗಿರಣಿಯಲ್ಲೊಂದು ಇತ್ತೆಂದು ತಿರುಗಿ ಬಂದೆ. ಸೀಗೆಕಾಯಿಯವರು ಆಗಲೇ ಹೋಗಿದ್ದರು. ಗಾಳಿಯಲ್ಲಿ ಅದರ ಘಾಟು ಇನ್ನೂ ಇತ್ತು. ಅಮ್ಮ ನುಚ್ಚಿನ ಮೂಟೆಯ ಮೇಲೆ ಕೂತಿದ್ದಳು. ಮೂಟೆಯ ಬಾಯಿಗೆ ಮೊದಲ ದೂರು ಬರುವುದಕ್ಕೂ ಮುಂಚೆ ನಾನು ಹಾಕಿದ್ದ ಗಂಟು ಹಾಗೆಯೇ ಇತ್ತು, ಅದರ ಮೇಲೆ ಜೇಡ ಎಳೆ ಕಟ್ಟಿತ್ತು.

"ನುಚ್ಚು ಓಡಿಸಲಿಲ್ವಾ? ಮರೆತ್ಯಾ?"

"ಮರೀಲಿಲ್ಲ."

ಯಂತ್ರ ನಿಂತಿದ್ದ ಆ ಕೋಣೆಯಲ್ಲಿ ನಮ್ಮಿಬ್ಬರ ದನಿ ಬೇರೆ ಯಾರದೋ ದನಿಯ ಹಾಗಿತ್ತು.

"ಮಾರಿದ್ರೆ, ಗಂಡನ ಮಿಷನ್ನು ಮಾರ್ಕೊಂಡು ತಿಂದ್ಲು ಅಂತಾರೆ," ಎಂದಳು ಅಮ್ಮ. "ಜನಾನೇ ಬರದೆ ನಿಂತೋದ್ರೆ ಯಾರೂ ಏನೂ ಅನ್ನಲ್ಲ."

"ಯಾಕಮ್ಮ ನಿಲ್ಬೇಕು?"

"ನಂಗೆ ಈ ಸದ್ದು ಆಗಲ್ಲ ಕಣೆ. ನಿಮ್ಮಪ್ಪ ಇದ್ದಾಗ್ಲೂ ಆಗ್ತಿರ್ಲಿಲ್ಲ. ಮಲಗಿದ್ರೂ ಕಿವೀಲಿ ತಿರುಗ್ತಾನೇ ಇರ್ತದೆ. ನಿಂಗೂ ಅಷ್ಟೇ. ಬಾಯಿಬಿಟ್ಟು ಹೇಳಲ್ಲ, ಅಷ್ಟೆ. ದಿನಾ ನಿನ್ನ ಮುಖ ನೋಡ್ತೀನಲ್ಲ, ನಂಗೆ ಗೊತ್ತಾಗಲ್ವಾ?"

ನನ್ನ ಮುಖದಲ್ಲಿ ಅವಳು ಏನನ್ನು ನೋಡಿದ್ದಳೋ ನನಗೆ ತಿಳಿಯಲಿಲ್ಲ. ನಾನೂ ಇಷ್ಟು ದಿನ ಅವಳ ಮುಖ ನೋಡಿದ್ದೆ. ಅಪ್ಪನ ಗಿರಣಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ ಎಂದುಕೊಂಡಿದ್ದೆ. ಸಿಟ್ಟಾಗಬೇಕೋ, ಅವಳ ಕಾಲ ಬಳಿ ಕೂರಬೇಕೋ ಗೊತ್ತಾಗದೆ ನಿಂತೆ. ನನಗೆ ಇಲ್ಲಿ ಹಿತವಾಗಿದೆ ಎಂದು ಹೇಳಲು ಬಾಯಿ ತೆರೆದೆ. ಮೇಷ್ಟ್ರ ಮುಂದೆ ಆದ ಹಾಗೆಯೇ ಆಯಿತು.

ಅವಳನ್ನು ಮೆಲ್ಲಗೆ ಎಬ್ಬಿಸಿ ಮೂಟೆಯ ಗಂಟು ಬಿಚ್ಚಿದೆ. ನುಚ್ಚು ಸುರಿದು ಗುಂಡಿ ಒತ್ತಿದೆ. ಸದ್ದು ಎದ್ದೊಡನೆ ಅಮ್ಮ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಹೋದಳು. ಅವಳು ಹಾಗೆ ಕಿವಿ ಮುಚ್ಚಿದ್ದನ್ನು ನಾನು ಅದೇ ಮೊದಲು ಕಂಡದ್ದು. ನನ್ನೆದುರು ಅದುವರೆಗೆ ಹೇಗೆ ತಡೆದುಕೊಂಡಿದ್ದಳೋ ಈಗಲೂ ತಿಳಿಯದು. ಮೊದಲು ಕಂದು ಹಿಟ್ಟು ಬಿತ್ತು. ಆಮೇಲೆ ಬೂದು ಬಣ್ಣದ್ದು. ಬೆಳ್ಳಗೆ ಬೀಳುವವರೆಗೂ ನಾನು ಯಂತ್ರ ನಿಲ್ಲಿಸಲಿಲ್ಲ.

ಹಿಟ್ಟನ್ನು ತಿಪ್ಪೆಗೆ ಚೆಲ್ಲಿ ಬಂದಾಗ ಅಮ್ಮ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಯಾರೂ ಇರಲಿಲ್ಲ.

"ಬೀಗದ ಕೈ ನನಗೆ ಕೊಡಮ್ಮ, ಇನ್ಮೇಲೆ ಗಿರಣಿ ನಾನೇ ನೋಡ್ಕೋತೀನಿ," ಎಂದೆ.

ಅಮ್ಮ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಬೀದಿಯ ತುದಿಯನ್ನು ನೋಡುತ್ತ ನಿಂತಿದ್ದಳು.