ಹೊರಗಿನಿಂದ ಬೀಗ ಹಾಕಿದ ತಾಯಿ

ಬಾಣಂತಿ ಸುಮ್ಮಸುಮ್ಮನೆ ಅತ್ತರೆ ನಾವೇನು ಅನ್ನುತ್ತೇವೆ? “ನಿದ್ದೆಗೆಟ್ಟಿದ್ದಾಳೆ, ತಾನಾಗೇ ಸರಿಹೋಗುತ್ತೆ” ಅನ್ನುತ್ತೇವೆ. ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಕೆಲಸದ ಒಬ್ಬ ಅತ್ತೆಯೂ ಹಾಗೇ ಅಂದುಕೊಂಡಿದ್ದಳು.

ಸೊಸೆ ಹೊಲಿಗೆಯವಳು, ಮಾತಿನ ಮಲ್ಲಿ. ಹೆಣ್ಣುಮಗು ಹುಟ್ಟಿದ ಮೇಲೆ ಆ ಬಾಯಿ ಕಟ್ಟಿಹೋಯಿತು. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ಕತ್ತರಿಯನ್ನು ಅಟ್ಟಕ್ಕೆ ಎಸೆದಳು. ತರಕಾರಿ ಹೆಚ್ಚುವ ಚಾಕುವನ್ನು ಪಕ್ಕದ ಮನೆಗೆ ಕೊಟ್ಟುಬಂದಳು. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ.

ಒಂದು ಬೆಳಿಗ್ಗೆ ಅವಳು ಅತ್ತೆಯ ಸೆರಗು ಹಿಡಿದಳು. “ಅತ್ತೆ, ಇವತ್ತು ಕೆಲಸಕ್ಕೆ ಹೋಗ್ಬೇಡಿ.”

“ಬೇಕರಿ ಒಲೆ ಹಚ್ಚೋರು ಯಾರು, ನಿಮ್ಮಪ್ಪನಾ?” ಎಂದು ನಕ್ಕು ಅತ್ತೆ ಹೊರಟಳು.

ಮಧ್ಯಾಹ್ನ ವಾಪಸು ಬರುವಾಗ ಬೀದಿಯ ತಿರುವಿನಲ್ಲೇ ಮೊಮ್ಮಗಳ ಅಳು ಕೇಳಿಸಿತು. ಉಸಿರು ಕಟ್ಟಿ ಕಟ್ಟಿ ಅಳುತ್ತಿತ್ತು ಕೂಸು. ಅತ್ತೆ ಓಡಿದಳು. ಬಾಗಿಲಿಗೆ ಹೊರಗಿನಿಂದ ಬೀಗ. ಸೊಸೆ ಮೆಟ್ಟಿಲ ಮೇಲೆ ಮುದುರಿ ಕೂತಿದ್ದಳು. ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು.

“ಏನೇ ಇದು! ಹೊಟ್ಟೇಲಿ ಹುಟ್ಟಿದ ಕೂಸಲ್ವೇನೇ?”

ಅತ್ತೆ ಬೀಗದ ಕೈ ಕಿತ್ತುಕೊಂಡು ಬಾಗಿಲು ತೆಗೆದಳು. ಮಗುವನ್ನು ಎದೆಗೆ ಅವಚಿಕೊಂಡು ಹೊರಗೆ ಬಂದರೆ, ಸೊಸೆ ಗೋಡೆಗೆ ಅಂಟಿ ಹಿಂದೆ ಸರಿದಳು. “ಹತ್ರ ತರ್ಬೇಡಿ. ನನ್ನ ಕೈಯಿಂದ ಅದಕ್ಕೆ ಏನಾದ್ರೂ ಆಗ್ಬಿಟ್ರೆ?”

ಇಷ್ಟು ದಿನ ಒಂದೇ ತಟ್ಟೆಯಲ್ಲಿ ಉಂಡ ಹುಡುಗಿ ಇವಳೇನಾ? ಅತ್ತೆಯ ಕಣ್ಣು ತಾನಾಗಿ ಅವಳ ಕೈಗಳ ಮೇಲೆ ಹೋಯಿತು.

ಲಸಿಕೆಯ ಚೀಲ ಹೊತ್ತು ಮನೆ ಮನೆ ಸುತ್ತುತ್ತಿದ್ದ ನರ್ಸಮ್ಮ ಗದ್ದಲ ಕೇಳಿ ಬಂದಳು. ಗುಂಪುಗೂಡಿದ್ದ ನೆರೆಯವರನ್ನು ಮನೆಗೆ ಕಳಿಸಿ, ಸೊಸೆಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

“ಮಗೂಗೆ ನೋವು ಮಾಡ್ಬೇಕು ಅನ್ಸುತ್ತಾ? ಇಲ್ಲಾ ಎಲ್ಲಿ ಮಾಡ್ಬಿಡ್ತೀನೋ ಅಂತ ಭಯ ಆಗುತ್ತಾ?”

“ಭಯ ಅಕ್ಕಾ. ಕತ್ತರಿ ನೋಡಿದ್ರೆ ಕೆಟ್ಟ ಚಿತ್ರ ಬರುತ್ತೆ. ಬೇಡ ಬೇಡ ಅಂದ್ರೂ ಬರುತ್ತೆ. ಅದಕ್ಕೇ ನನ್ನನ್ನೇ ಹೊರಗಿಟ್ಟು ಬೀಗ ಹಾಕ್ದೆ.”

“ಯಾರೋ ಕಿವೀಲಿ ಹೇಳಿದ ಹಾಗೆ ಕೇಳುತ್ತಾ? ಸಾಯ್ಬೇಕು ಅನ್ಸುತ್ತಾ?”

“ಇಲ್ಲ. ನಿದ್ದೆ ಬಂದ್ರೆ ಸಾಕು ಅನ್ಸುತ್ತೆ.”

“ಸರಿ, ಏಳು. ಆಸ್ಪತ್ರೇಲಿ ಮನಸ್ಸಿನ ಕಾಯಿಲೆ ನೋಡೋ ಡಾಕ್ಟರಮ್ಮ ಇದಾರೆ, ಈಗಲೇ ಹೋಗೋಣ.”

ಅತ್ತೆ ಅಡ್ಡ ನಿಂತಳು. “ಹುಚ್ಚಿ ಅಂತ ಹಣೆಪಟ್ಟಿ ಕಟ್ತಾರೆ. ಕೂಡಿ ಹಾಕ್ತಾರೆ. ಕೂಸನ್ನ ಕಿತ್ಕೋತಾರೆ. ಬೇಡ ತಾಯಿ.”

“ಬಾಣಂತಿಗೆ ಜ್ವರ ಬಂದ್ರೆ ಸುಮ್ನೆ ಬಿಡ್ತೀರಾ? ಇದೂ ಕಾಯಿಲೇನೇ. ನಮ್ಮ ಡಾಕ್ಟರಮ್ಮ ಬರೋಕೆ ಮುಂಚೆ ಮಗೂಗೆ ಸೂಜಿ ಚುಚ್ಚಿ ತಾಯೀನ ಹಾಗೇ ಕಳಿಸ್ತಿದ್ವಿ. ಪ್ರತಿ ತಾಯಿಗೂ ಮನಸ್ಸು ಹೇಗಿದೆ ಅಂತ ಕೇಳಿ ಅಂತ ಅವರೇ ಹಟ ಹಿಡಿದ್ರು. ಆಸ್ಪತ್ರೆಯವರೇ ನಕ್ರು. ಆದ್ರೂ ಬಿಡ್ಲಿಲ್ಲ. ಲಸಿಕೆ ಕೋಣೆ ಪಕ್ಕದಲ್ಲೇ ಕೂತು ತಾಯಂದಿರನ್ನ ನೋಡ್ತಾರೆ. ಯಾರು ಯಾಕೆ ಬಂದ್ರು ಅಂತ ಯಾರಿಗೂ ಗೊತ್ತಾಗಲ್ಲ.”

ಅತ್ತೆ ಮಗುವನ್ನು ಎತ್ತಿಕೊಂಡೇ ಹೋದಳು. ಆಸ್ಪತ್ರೆಯ ಬೆಂಚಿನಿಂದ ಮತ್ತೆ ಮತ್ತೆ ಎದ್ದು ಡಾಕ್ಟರಮ್ಮನ ಬಾಗಿಲು ನೋಡಿದಳು. ಡಾಕ್ಟರಮ್ಮ ಸೊಸೆಯ ಜೊತೆ ಬಹಳ ಹೊತ್ತು ಮಾತಾಡಿ, ಆಮೇಲೆ ಅತ್ತೆಯನ್ನು ಒಳಗೆ ಕರೆದಳು.

“ಇವಳು ಕೆಟ್ಟ ತಾಯಿ ಅಲ್ಲಮ್ಮ. ಹೆರಿಗೆ ಆದ್ಮೇಲೆ ಸುಮಾರು ಜನಕ್ಕೆ ಇಂಥ ಯೋಚನೆ ಬರುತ್ತೆ. ಹೇಳ್ಕೊಳ್ಳೋಕೆ ಹೆದರ್ತಾರೆ, ಅಷ್ಟೇ. ಮಗೂಗೆ ಹಾಲು ಕುಡಿಸ್ತಾ ತಗೊಳ್ಳೋ ಮಾತ್ರೆ ಕೊಡ್ತೀನಿ. ವಾರವಾರ ಬಂದು ನನ್ನ ಜೊತೆ ಮಾತಾಡ್ಲಿ. ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ, ಚೆನ್ನಾಗಿ ನಿದ್ದೆ ಮಾಡೋಕೆ ಬಿಡಿ.”

ಅತ್ತೆ ರಜೆ ಹಾಕಿದಳು. ಮಗ ಲಾರಿ ಬಿಟ್ಟು ಬಂದು ಮಗುವಿನ ಬಟ್ಟೆ ಒಗೆದ. ಭಯವೇನೂ ಒಂದೇ ಸಲಕ್ಕೆ ಹೋಗಲಿಲ್ಲ. ಸೊಸೆ ಮಗುವಿಗೆ ಸ್ನಾನ ಮಾಡಿಸುವಾಗ ಅತ್ತೆ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಸೊಸೆಯೂ ಅತ್ತೆಯನ್ನು ಏಳಲು ಬಿಡುತ್ತಿರಲಿಲ್ಲ. ನಿದ್ದೆ ಹತ್ತಿದ ಹಾಗೆಲ್ಲ ಭಯ ಕಡಿಮೆಯಾಯಿತು.

ಕೆಲವು ತಿಂಗಳ ಮೇಲೆ ಡಾಕ್ಟರಮ್ಮ “ಇನ್ನು ನೀವು ಕೆಲಸಕ್ಕೆ ಹೋಗಬಹುದು” ಎಂದಳು. ಅತ್ತೆ ಹೋದಳು, ಆದರೆ ಆವತ್ತು ಅರ್ಧ ಬ್ರೆಡ್ ಕರಕಲು. ಮಧ್ಯಾಹ್ನ ಏದುಸಿರು ಬಿಡುತ್ತಾ ಮನೆಗೆ ಬಂದಳು. ಬಾಗಿಲು ಹಾರು ಹೊಡೆದಿತ್ತು, ಒಳಗೆ ಸದ್ದಿಲ್ಲ. ಚಪ್ಪಲಿ ಕಳಚದೆಯೇ ಹೊಸ್ತಿಲು ತುಳಿದಳು.

“ಅಯ್ಯೋ ಅತ್ತೆ, ಚಪ್ಪಲಿ ಸದ್ದು ಮಾಡ್ಬೇಡಿ!” ಕೋಣೆಯಿಂದ ಸೊಸೆ ಪಿಸುಗುಟ್ಟಿ ಗದರಿದಳು. “ಈಗಷ್ಟೇ ಮಲಗಿಸಿದೀನಿ. ಎದ್ರೆ ನೀವೇ ಎತ್ಕೊಂಡು ತಿರುಗ್ಬೇಕು, ನೋಡಿ!”

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಸದ್ದಾಗದ ಹಾಗೆ.

ಅಕ್ಕತಂಗಿಯರೇ, ನಿಮ್ಮ ಮನೆಯ ಬಾಣಂತಿ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದರೆ, ಮಗುವನ್ನು ಕಂಡು ಹೆದರುತ್ತಿದ್ದರೆ ಬೈಯಬೇಡಿ, ಕೇಳಿ. ಇಲ್ಲದ ದನಿ ಕೇಳಿಸುತ್ತಿದ್ದರೆ, ತಲೆಬುಡವಿಲ್ಲದೆ ಮಾತಾಡುತ್ತಿದ್ದರೆ, ಸಾಯುವ ಇಲ್ಲವೇ ಸಾಯಿಸುವ ಮಾತು ಬಂದರೆ, ನಾಳೆ ಅನ್ನದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಸ ತಾಯಿಯೇ, ಆ ಭಯ ನಿನಗೇ ಇದ್ದರೆ, ಇವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳು. ತಪ್ಪು ನಿನ್ನದಲ್ಲ, ಮದ್ದು ಇದೆ.