ಬಳ್ಳಿಯಲ್ಲಿ ಬಿಟ್ಟ ಗೊಂಚಲು

ಹೊಟ್ಟೆಕಿಚ್ಚಿಗೆ ವಯಸ್ಸಿನ ಹಂಗಿಲ್ಲ. ಲೆಯೋನ್ಸನಿಗೆ ಅರವತ್ತೆರಡಾಗಿತ್ತು, ಎಡ ಮಂಡಿ ಕೈಕೊಟ್ಟಿತ್ತು, ಹೊಟ್ಟೆ ಬೆಲ್ಟಿನ ಮೇಲೆ ಬಂದು ಕೂತಿತ್ತು. ಆದರೂ ಆ ಸೆಪ್ಟೆಂಬರಿನಲ್ಲಿ ಅವನು ಮೀಸೆ ಚಿಗುರದ ಹುಡುಗನ ಹಾಗೆ ಉರಿದ. ಕಾರಣ, ಹಾಲೆಂಡಿನಿಂದ ಸೈಕಲ್ ಮೇಲೆ ಬಂದ ಯೋರಿಸ್ ಎಂಬ ಮನುಷ್ಯ, ಮತ್ತು ಲೆಯೋನ್ಸನ ಸ್ವಂತ ಹೆಂಡತಿ ಮಾಯ್ತೆ.

ಗರೋನ್ ನದಿಯ ಜೊತೆಜೊತೆಗೇ ಸಾಗುವ ಕಾಲುವೆಯ ದಂಡೆಯಲ್ಲಿ ಅವರ ಮನೆ. ಲೆಯೋನ್ಸನ ಮುತ್ತಜ್ಜ ಆ ದಂಡೆಯ ಮೇಲೆ ಕುದುರೆ ಹೂಡಿ ಸರಕಿನ ದೋಣಿ ಎಳೆಸಿದವನು. ಈಗ ಅಲ್ಲಿ ನುಣ್ಣನೆಯ ದಾರಿ ಮಾಡಿ, ಬಾಯಿಗೆ ಕಂಬ ನೆಟ್ಟು, ಸೈಕಲ್ಲಿನವರಿಗೆ ಮಾತ್ರ ಬಿಟ್ಟಿದ್ದರು. ಕಾರು ಬರುವಂತಿಲ್ಲ. ಲೆಯೋನ್ಸನ ಟ್ರ್ಯಾಕ್ಟರಂತೂ ಅತ್ತ ಮೂತಿ ತಿರುಗಿಸುವಂತಿಲ್ಲ. ಕಣ್ಣೆದುರಿಗೇ ಇರುವ ತನ್ನ ದ್ರಾಕ್ಷಿ ತೋಟಕ್ಕೆ ಅವನು ಸೇತುವೆ ಸುತ್ತಿ ಹೋಗಬೇಕು. ಬಿಗಿ ಚಡ್ಡಿಯ ಪರದೇಶಿಗಳು ಮಾತ್ರ ಮಾವನ ಮನೆಗೆ ಹೊರಟವರ ಹಾಗೆ ನೆರಳಿನಲ್ಲಿ ಸಲೀಸಾಗಿ ಹೋಗುತ್ತಿದ್ದರು. ಅಂಥವರಿಗೆಂದೇ ಮಾಯ್ತೆ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಬಾಡಿಗೆಗೆ ಬಿಟ್ಟಿದ್ದಳು. ಯೋರಿಸ್ ನಾಲ್ಕು ವರ್ಷದಿಂದ ಬರುತ್ತಿದ್ದ ಗಿರಾಕಿ. ಈ ಸಲ ಸುಗ್ಗಿಯ ಹೊತ್ತಿಗೆ ಬಂದವನು, ಮೂರು ದಿನ ನಿಂತು ದ್ರಾಕ್ಷಿ ಕೊಯ್ದುಕೊಡುತ್ತೇನೆ, ಊಟ ಹಾಕಿದರೆ ಸಾಕು ಅಂದ.

ಮೊದಲೇ ಒಂದು ಕಿಡಿ ಬಿದ್ದಿತ್ತು. ವಸಂತದಲ್ಲಿ ಮಾಯ್ತೆ ಒಂದು ಸೈಕಲ್ ಕೊಂಡು ತಂದಿದ್ದಳು, ಐವತ್ತೆಂಟನೇ ವಯಸ್ಸಿನಲ್ಲಿ. ಸುಗ್ಗಿ ಮುಗಿದ ಮೇಲೆ ಇಬ್ಬರೂ ಈ ದಾರಿ ಹಿಡಿದು ತುಲೂಸ್ ನಗರದ ತನಕ ಹೋಗೋಣ, ಮೂರೇ ದಿನ ಅಂದಿದ್ದಳು. ಲೆಯೋನ್ಸ್ ಬಿದ್ದುಬಿದ್ದು ನಕ್ಕಿದ್ದ. "ನನ್ನ ಕುಂಡೆಗೆ ಟ್ರ್ಯಾಕ್ಟರ್ ಸೀಟೇ ಸರಿ ಕಣೆ. ಆ ಕೊಕ್ಕರೆ ಕತ್ತಿನ ಮೇಲೆ ಯಾರು ಕೂರ್ತಾರೆ?" ಅಂದಿದ್ದ. ಅವಳು ಎರಡನೇ ಸಲ ಕೇಳಲಿಲ್ಲ. ಕೊಯ್ಲಿನ ಹಿಂದಿನ ದಿನ ಮಾತ್ರ ಸೂಪು ಬಡಿಸುತ್ತಾ, ಉಪ್ಪು ಸಾಕಾ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದಳು.

"ಶನಿವಾರ ಯೋರಿಸ್ ತುಲೂಸಿಗೆ ಹೊರಡ್ತಾನೆ. ನಾನೂ ಹೋಗ್ತೀನಿ."

"ಯಾರ ಜೊತೆ?"

"ಸೈಕಲ್ ಜೊತೆ. ನೀನು ಬರಲ್ಲ ಅಂದ್ಯಲ್ಲ."

ಅಂದಿನಿಂದ ಲೆಯೋನ್ಸನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಹೋಗಬೇಡ ಅನ್ನಲು ಬಾಯಿ ಬರಲಿಲ್ಲ. ಹೋಗು ಅನ್ನಲು ಮನಸ್ಸು ಬರಲಿಲ್ಲ.

ಊರಿನ ಉಳಿದ ತೋಟಗಳೆಲ್ಲ ಯಂತ್ರಕ್ಕೆ ಹೋಗಿದ್ದವು. ಇವರ ಕಾಲುವೆ ಪಕ್ಕದ ಮುದಿ ಬಳ್ಳಿಗಳನ್ನು ಮಾತ್ರ ಇನ್ನೂ ಕೈಯಿಂದ ಕೊಯ್ಯುತ್ತಿದ್ದರು. ಒಂದೊಂದು ಸಾಲಿಗೆ ಇಬ್ಬರು, ಬಳ್ಳಿಯ ಆಚೆಗೊಬ್ಬರು ಈಚೆಗೊಬ್ಬರು, ಎದುರಾಬದುರಾ ಬಗ್ಗಿ ಕತ್ತರಿಸುತ್ತಾ ಹೋಗುವುದು ಪದ್ಧತಿ. ಮೂವತ್ತನಾಲ್ಕು ವರ್ಷ ಮಾಯ್ತೆಯ ಎದುರಿಗೆ ನಿಂತವನು ಲೆಯೋನ್ಸ್. ಈ ವರ್ಷ ಮಂಡಿ ಬಗ್ಗಲೊಲ್ಲದು. ಅವನ ಪಾಲಿಗೆ ಉಳಿದದ್ದು ಕೊಯ್ಯುವವರ ಹಿಂದೆ ಸಾಲಿನಲ್ಲಿ ನಡೆದು ತುಂಬಿದ ಕ್ರೇಟ್ ಎತ್ತಿ ಟ್ರ್ಯಾಕ್ಟರಿಗೆ ಹಾಕುವ ಕೆಲಸ. ಮಾಯ್ತೆಯ ಎದುರಿಗೆ ನಿಂತವನು ಯೋರಿಸ್.

ಎಲೆಗಳ ಸಂದಿಯಿಂದ ನಗು ಕೇಳಿಬರುತ್ತಿತ್ತು. ಏನು ಮಾತಾಡಿದರೋ ತಿಳಿಯದು, ನಗು ಮಾತ್ರ ತಪ್ಪದೆ ಕೇಳುತ್ತಿತ್ತು. ಕಿವಿ ನೆಟ್ಟು ನಡೆದರೆ ಕಾಲಿಗೆ ಕ್ರೇಟ್ ತಾಗುತ್ತಿತ್ತು. ತನ್ನ ಎದುರಿಗೆ ಅವಳು ಹಾಗೆ ನಕ್ಕಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಸಿಗದೆ, ಇನ್ನಷ್ಟು ಉರಿದ.

ಬುಧವಾರ ಮಧ್ಯಾಹ್ನ ಅವನಿಗೆ ಅದು ಕಂಡಿತು. ಮಾಯ್ತೆ ಕೊಯ್ದು ಮುಂದೆ ಹೋದ ಸಾಲಿನಲ್ಲಿ, ಬಳ್ಳಿಯ ಬುಡದ ಕಾಂಡಕ್ಕೆ ಒತ್ತಿಕೊಂಡು, ಒಂದು ಗೊಂಚಲು. ಕಪ್ಪಗೆ, ತುಂಬಿಕೊಂಡು, ಮೇಲಿನ ಮಂಜಿನಂಥ ಬಿಳಿ ಪುಡಿ ಇನ್ನೂ ಅಳಿಯದೆ.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಯಾರಾದರೂ ಗೊಂಚಲು ಮರೆತರೆ, ಕಂಡುಹಿಡಿದವನು ಅದನ್ನು ಮರೆತವಳ ಮುಖಕ್ಕೆ ಹಿಂಡಬೇಕು; ರಸ ಇಳಿಯುತ್ತಿರುವಾಗಲೇ ಕೆನ್ನೆಗೆ ಮುತ್ತು ಕೊಡಬೇಕು. ಲೆಯೋನ್ಸನ ಸಂಸಾರ ಶುರುವಾದದ್ದೇ ಹಾಗೆ. ಮಾಯ್ತೆಯ ಅಪ್ಪನ ತೋಟಕ್ಕೆ ಕೊಯ್ಲಿಗೆ ಹೋದವನಿಗೆ ಅವಳ ಕಡೆ ಒಂದು ಗೊಂಚಲು ಸಿಕ್ಕಿತ್ತು. ಮರುವರ್ಷ ಮದುವೆ. ಆಮೇಲೆ ಅವಳು, "ಮರೆತದ್ದಲ್ಲ ಪೆದ್ದ, ಬಿಟ್ಟದ್ದು" ಅಂದಿದ್ದಳು. ಅಂದಿನಿಂದ ಇಂದಿನವರೆಗೆ ಅವಳ ಕತ್ತರಿಯಿಂದ ಒಂದು ಕಾಯಿಯೂ ತಪ್ಪಿಸಿಕೊಂಡದ್ದಿಲ್ಲ.

ಹಾಗಾದರೆ ಇದು ಯಾರಿಗೆ?

ಎದುರಿಗೆ ನಿಂತವನಿಗೆ, ಇನ್ಯಾರಿಗೆ! ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ. ಲೆಯೋನ್ಸ್ ಅತ್ತ ಇತ್ತ ನೋಡಿದ, ಗೊಂಚಲು ಕಿತ್ತ, ಟ್ರ್ಯಾಕ್ಟರಿನ ಮರೆಗೆ ಹೋಗಿ ಬೀಜ ಸಮೇತ ಗಬಗಬ ತಿಂದ. ರುಚಿ ನೋಡುವ ವ್ಯವಧಾನ ಅವನಿಗಿರಲಿಲ್ಲ. ಕೊನೆಗೆ ತೊಟ್ಟನ್ನು ಮಣ್ಣಿನಲ್ಲಿ ಹೂತ.

ಸಂಜೆ ಬೂಟು ತೊಳೆಯುವಾಗ ಮಾಯ್ತೆ ಪಕ್ಕಕ್ಕೆ ಬಂದು ನಿಂತಳು.

"ನಮ್ಮ ಸಾಲಿನಲ್ಲಿ ಏನಾದ್ರೂ ಉಳಿದಿತ್ತಾ?"

"ಏನೂ ಇರ್ಲಿಲ್ಲ."

"ಸರಿಯಾಗಿ ನೋಡ್ದ್ಯಾ?"

"ಇಲ್ಲ ಅಂದ್ನಲ್ಲ! ನೀಟಾಗಿ ಕೊಯ್ದಿದ್ದೀರಿ. ನೀನೂ, ನಿನ್ನ ಹಾಲೆಂಡಿನೋನೂ."

ಅವಳ ಮುಖ ಬಾಡಿತು. ಲೆಯೋನ್ಸ್ ಅದನ್ನು ಕಳ್ಳತನ ಬಯಲಾಗುವ ಭಯವೆಂದು ಓದಿಕೊಂಡ. ಸಿಕ್ಕಿಬಿದ್ದಳು ಎಂದು ಒಳಗೇ ಹಲ್ಲು ಕಡಿದ.

ಗುರುವಾರ ಮತ್ತೊಂದು ಗೊಂಚಲು, ಬುಧವಾರದ್ದಕ್ಕಿಂತ ದೊಡ್ಡದು. ಅದನ್ನೂ ತಿಂದ. ಆ ಸಂಜೆ ಅವಳು ಏನೂ ಕೇಳಲಿಲ್ಲ. ಮೂಲೆಯಲ್ಲಿ ಕೂತು ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಟ್ಟಳು. ಯೋರಿಸ್ ನಕ್ಷೆ ಹರಡಿ ಯಾವ ಊರಿನಲ್ಲಿ ತಂಗುವುದು ಎಂದು ತೋರಿಸುತ್ತಿದ್ದ. ಕೋಣೆ ಎಷ್ಟು, ಒಂದೋ ಎರಡೋ ಎಂದು ಕೇಳಲು ಲೆಯೋನ್ಸನ ನಾಲಿಗೆ ತುದಿಯವರೆಗೆ ಬಂತು. ಕೇಳಿದರೆ ಕುಂಬಳಕಾಯಿ ಕಳ್ಳನ ಕತೆಯಾದೀತೆಂದು ನುಂಗಿಕೊಂಡ.

ಶುಕ್ರವಾರ ಕಡೆಯ ಸಾಲು. ಅಲ್ಲೂ ಇತ್ತು. ಈ ಸಲ ಅವನು ತಿನ್ನಲಿಲ್ಲ. ಟೋಪಿಯಲ್ಲಿ ಇಟ್ಟುಕೊಂಡು, ಕೊಯ್ಲು ಮುಗಿದ ಊಟಕ್ಕೆ ಎಲ್ಲರೂ ಕಾಲುವೆ ದಂಡೆಯ ಮರಗಳ ಕೆಳಗೆ ಉದ್ದ ಮೇಜಿಗೆ ಕೂತಾಗ, ನೆಟ್ಟಗೆ ಹೋಗಿ ಯೋರಿಸನ ತಟ್ಟೆಯ ಮೇಲೆ, ಬಾತುಕೋಳಿಯ ತೊಡೆಯ ಪಕ್ಕಕ್ಕೆ, ಅದನ್ನು ಕುಕ್ಕಿದ.

"ತಗೋ, ನಿನ್ನ ಪಾಲು! ಕಳ್ಳತನದಲ್ಲಿ ಯಾಕೆ? ಎಲ್ಲರ ಎದುರಿಗೇ ಆಗ್ಲಿ!"

ಯೋರಿಸ್ ಕಣ್ಣರಳಿಸಿದ. "ನನಗೇನಾ? ತುಂಬ ಉಪಕಾರ ಆಯ್ತು," ಎಂದು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ.

ಮೇಜಿಗೆ ಮೇಜೇ ಹೋ ಎಂದಿತು. ಮಾಯ್ತೆಯ ಸೋದರತ್ತೆ ಜೆಲಿ, ಎಂಬತ್ತರ ಮುದುಕಿ, ಇನ್ನೂ ಕತ್ತರಿ ಕೆಳಗಿಡದವಳು, ನಗು ತಡೆದುಕೊಂಡು ಆ ಪರದೇಶಿಗೆ ಪದ್ಧತಿಯನ್ನು ಬಿಡಿಸಿ ಹೇಳಿದಳು. ಕೇಳುತ್ತಾ ಕೇಳುತ್ತಾ ಯೋರಿಸನ ಕಿವಿಯವರೆಗೂ ಕೆಂಪೇರಿತು.

"ಆದ್ರೆ ಇದು ಎಲ್ಲಿತ್ತು?" ಎಂದ.

"ಎಲ್ಲಿತ್ತು ಅಂತೆ! ಅವಳ ಕಡೆ, ಬುಡದಲ್ಲಿ, ಕಾಂಡಕ್ಕೆ ಅಂಟ್ಕೊಂಡು!" ಲೆಯೋನ್ಸ್ ಗುಡುಗಿದ.

"ನನ್ನ ಕಡೆಯಿಂದ ಅದು ಕಾಣೋದಿಲ್ಲವಲ್ಲ."

ಜೆಲಿ ಅತ್ತೆ ಚಮಚ ಕೆಳಗಿಟ್ಟಳು. "ಅಯ್ಯೋ ಮಂಕೇ! ಎದುರಿಗಿರೋನಿಗೆ ಕಾಣದ ಹಾಗೆ ಬಿಟ್ಟಿದ್ದಾಳೆ ಅಂದ್ರೆ ಅದು ಯಾರಿಗೆ ಕಾಣ್ಲಿ ಅಂತಾನೋ? ಹಿಂದೆ ಬಂದು ಕ್ರೇಟ್ ಎತ್ತೋನಿಗೆ! ಈ ವರ್ಷ ಕ್ರೇಟ್ ಎತ್ತಿದ ಮಹಾನುಭಾವ ಯಾರಪ್ಪಾ?"

ಎಲ್ಲರೂ ಲೆಯೋನ್ಸನ ಕಡೆ ತಿರುಗಿದರು. ಮೂರು ದಿನ ಆ ಕಾಂಡದ ಮುಂದೆ ಬಗ್ಗಿದವನು ತಾನು. ಇಷ್ಟು ಸಣ್ಣ ಲೆಕ್ಕ ತಲೆಗೆ ಹೊಳೆಯಲಿಲ್ಲವಲ್ಲ!

"ಬುಧವಾರದ್ದು ಎಲ್ಲಿ?" ಮಾಯ್ತೆ ಕೇಳಿದಳು. ಅವಳೊಬ್ಬಳೇ ನಗುತ್ತಿರಲಿಲ್ಲ.

"ತಿಂದೆ."

"ಗುರುವಾರದ್ದು?"

"ಅದನ್ನೂ ತಿಂದೆ."

ಯಾರೋ ನಗು ತಡೆಯಲಾರದೆ ಬೆಂಚಿನಿಂದ ಜಾರಿದರು. ಲೆಯೋನ್ಸ್ ಗೊಂಚಲನ್ನು ಎತ್ತಿಕೊಂಡು ಹೆಂಡತಿಯ ಮುಖದ ಹತ್ತಿರ ತಂದ. ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಬೇಡ. ಈಗ ಇವರೆಲ್ಲ ನೋಡ್ತಿದ್ದಾರೆ ಅಂತ ಕೊಡ್ತೀಯ. ಬುಧವಾರ ನೀನು ಓಡಿ ಬಂದಿದ್ರೆ, ನಾನು ತುಲೂಸಿನ ಹೆಸರನ್ನ ಮತ್ತೆ ಎತ್ತುತ್ತಿರ್ಲಿಲ್ಲ ಕಣೋ. ನಾಳೆ ಎಂಟಕ್ಕೆ ಹೊರಡ್ತೀನಿ."

ಶನಿವಾರ ಎಂಟಕ್ಕೆ ಅವಳು ಹೊರಟೇಬಿಟ್ಟಳು. ಸಿಟ್ಟಿಲ್ಲ, ಅಳುವಿಲ್ಲ, ಸೂಪು ಎಲ್ಲಿದೆ, ಬ್ರೆಡ್ಡು ಎಲ್ಲಿದೆ ಎಂದು ಹೇಳಿ ಹತ್ತಿದಳು. ಅವಳ ಹಿಂದೆ ಯೋರಿಸ್. ಲೆಯೋನ್ಸ್ ಗೇಟಿನಲ್ಲಿ ನಿಂತು ನೋಡಿದ. ಕೊಯ್ಲು ಮುಗಿದಿತ್ತು, ಹಣ್ಣು ವೈನ್ ಮಾಡುವ ಸಹಕಾರ ಸಂಘಕ್ಕೆ ಹೋಗಿತ್ತು. ಮನೆಯಲ್ಲಿ ಉಳಿಯಲು ಒಂದು ನೆಪವಾದರೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಬಾಡಿಗೆಯವರಿಗೆಂದು ಇಟ್ಟಿದ್ದ ಹಳೇ ಸೈಕಲ್ಲನ್ನು ಎಳೆದ.

"ನಾನೂ ಬರ್ತೀನಿ!" ಎಂದು ಕೂಗಿದ.

"ಬರೋದಾದ್ರೆ ಬಾ. ನಾನು ನಿಲ್ಲಲ್ಲ," ಮಾಯ್ತೆ ತಿರುಗದೆ ಹೇಳಿದಳು.

ಒಮ್ಮೆ ಕಲಿತ ಸೈಕಲ್ ಮರೆಯುವುದಿಲ್ಲ ಎನ್ನುತ್ತಾರೆ. ಶುದ್ಧ ಸುಳ್ಳು. ಸೈನ್ಯದ ಕೆಲಸ ಮುಗಿಸಿ ಬಂದ ಮೇಲೆ ಲೆಯೋನ್ಸ್ ಸೈಕಲ್ ಮುಟ್ಟಿರಲಿಲ್ಲ. ಮೊದಲ ಸೇತುವೆ ಮುಟ್ಟುವಷ್ಟರಲ್ಲಿ ಹಾವಿನ ಹಾಗೆ ಹರಿದಾಡಿ, ಕಾಲುವೆಗೆ ಎರಡು ಮಾರು ಈಚೆ ಜೊಂಡಿನಲ್ಲಿ ಧೊಪ್ಪನೆ ಬಿದ್ದ. ಕೈ ಕೊಟ್ಟು ಎತ್ತಲು ಯಾರೋ ಓಡಿ ಬಂದರು. ಮಾಯ್ತೆಯೇ ಇರಬೇಕು ಎಂದು ಆಸೆಯಿಂದ ತಲೆ ಎತ್ತಿದರೆ, ತನ್ನ ಸೈಕಲ್ಲನ್ನು ಮರಕ್ಕೊರಗಿಸಿ ಬಂದ ಯೋರಿಸ್.

"ಕೂತ್ಕೊಳ್ಳಿ," ಎಂದ ಯೋರಿಸ್. "ನಾನು ಹಿಂದೆ ಹಿಡ್ಕೋತೀನಿ. ಚಕ್ರ ನೋಡಬೇಡಿ, ಮುಂದೆ ನೋಡಿ."

ಲೆಯೋನ್ಸ್ ಮುಂದೆ ನೋಡಿದ. ಮರಗಳ ನೆರಳಿನಲ್ಲಿ ಮಾಯ್ತೆಯ ನೀಲಿ ಬೆನ್ನು. ಅವಳು ನಿಂತಿರಲಿಲ್ಲ, ಪೆಡಲ್ ತುಳಿಯುವುದನ್ನು ಮಾತ್ರ ಬಿಟ್ಟಿದ್ದಳು, ಸೈಕಲ್ ತಾನಾಗಿ ಮೆಲ್ಲಗೆ ಉರುಳುತ್ತಿತ್ತು. ಹಿಂದಿನಿಂದ ಯೋರಿಸ್ ಸೀಟು ಹಿಡಿದು ಏದುಸಿರು ಬಿಡುತ್ತಾ ಓಡುತ್ತಿದ್ದ. ಅವನ ಕೈಯ ಬಿಗಿ ಬೆನ್ನಿಗೆ ತಾಗುತ್ತಿತ್ತು. ಈ ಮನುಷ್ಯ ತೊಲಗಲಿ ಎಂದು ಮೂರು ದಿನ ಮೈ ಪರಚಿಕೊಂಡವನು, ಈಗಲೂ ಅವನನ್ನು ಕಂಡರೆ ಉರಿಯುವವನು, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಅಂಗಲಾಚಿದ.

"ಬಿಡ್ಬೇಡ ಮಾರಾಯ, ಅವಳ ಹತ್ತಿರ ಹೋಗೋ ತನಕ ಬಿಡ್ಬೇಡ!"