ಗುಡಿಸು ತಪ್ಪಿದ ಮರಾಠಿ

ನನ್ನ ಬೆನ್ನು ಹೊಲಿದ ಮುದುಕ ಅಂಟಿಗೆ ಮೈಲುತುತ್ತ ಕಲಸಿದ್ದ. "ಹುಳ ಹಿಡೀಬಾರ್ದು. ಇದು ನೂರು ವರ್ಷ ಬಾಳ್ಬೇಕು" ಎಂದು ಕೆಂಪು ಬಟ್ಟೆಯ ರಟ್ಟು ಸವರಿದ್ದ. ನಾನು ಒಂದು ಶಾಲೆಯ ದಾಖಲಾತಿ ಪುಸ್ತಕ. ನನ್ನೊಳಗೆ ಬರೆದದ್ದು ಅಳಿಯುವುದಿಲ್ಲ. ಬಹಳ ಕಾಲ ಅದನ್ನು ವರವೆಂದೇ ತಿಳಿದಿದ್ದೆ.

ಕೇರಳದ ಗಡಿಯ ಹತ್ತಿರ, ಬಾಳೆಗುಳಿ ಎಂಬ ಊರಿನ ಪ್ರಾಥಮಿಕ ಶಾಲೆಗೆ ನಾನು ಬಂದದ್ದು ೧೯೬೯ರಲ್ಲಿ. ಹೆಡ್ ಮಾಸ್ತರ ಪರಪ್ಪ ಹೊಸಮನಿ ಬೆಳಗಾವಿ ಕಡೆಯಿಂದ ವರ್ಗವಾಗಿ ಬಂದು ಆಗಿನ್ನೂ ಹದಿನೈದು ದಿನವಾಗಿತ್ತು. ಕೆಟ್ಟ ಮನುಷ್ಯನಲ್ಲ. ಅಕ್ಷರ ಮುತ್ತಿನಂಥದ್ದು. ಆದರೆ ತನ್ನೂರಿನ ಕಣ್ಣಿನಿಂದಲೇ ಎಲ್ಲ ಊರನ್ನೂ ನೋಡುತ್ತಿದ್ದರು.

ಜೂನ್ ತಿಂಗಳಲ್ಲಿ ಮಾಂಕು ನಾಯ್ಕ ಮಗ ಗುಡ್ಡಪ್ಪನನ್ನು ಸೇರಿಸಲು ಬಂದ. ಮೆಟ್ಟಿಲ ಕೆಳಗೇ ನಿಂತ.

"ಮನ್ಯಾಗ ಯಾವ ಭಾಷಾ ಮಾತಾಡ್ತೀರಿ?"

"ಮರಾಟಿ, ಮಾಸ್ಟ್ರೇ."

"ಜಾತಿ?"

"ಅದೂ ಮರಾಟಿಯೇ."

ಮಾಸ್ತರರು ನಕ್ಕರು. "ಭಾಷಾ ಕೇಳಿದ್ರೂ ಮರಾಠಿ, ಜಾತಿ ಕೇಳಿದ್ರೂ ಮರಾಠಿ! ಭಾಷಾ ಮರಾಠಿ, ಜಾತಿ ಮರಾಠ. ತಿಳೀತಿಲ್ಲೊ?"

ತಿಳಿಯಬೇಕಾಗಿದ್ದವರು ಅವರೇ. ಎಂದೋ ಮರಾಠಿ ನಾಡಿನಿಂದ ಘಟ್ಟದ ಕಾಡುಗಳಿಗೆ ಬಂದು ನೆಲೆಸಿದವರನ್ನು ಆ ಸೀಮೆಯಲ್ಲಿ ಮರಾಟಿ ಎನ್ನುತ್ತಾರೆ, ಕಾಗದದ ಮೇಲೆ ಮರಾಠಿ ಎಂದೂ ಬರೆಯುತ್ತಾರೆ. ಅವರದು ಪರಿಶಿಷ್ಟ ಪಂಗಡ. ಬೆಳಗಾವಿಯ ಮರಾಠರು ಬೇರೆಯೇ ಜನ. ಓದು ಬಾರದ ಮಾಂಕು ನಾಯ್ಕ ಕೈಮುಗಿದ. "ಆಯ್ತು ಮಾಸ್ಟ್ರೇ, ನೀವು ಬರೆದದ್ದೇ ಸರಿ."

ಜಾತಿಯ ಕಾಲಮಿನಲ್ಲಿ 'ಮರಾಠ' ಎಂದು ಬಿತ್ತು. ಒಂದು ಗುಡಿಸು ಕಡಿಮೆ. ಬರೆದು ಮುಗಿಸಿ ಅವರು ಹೆಂಡತಿ ಹೇಳಿದ್ದ ಅಂಗಡಿ ಸಾಮಾನಿನ ಪಟ್ಟಿಯನ್ನು ನನ್ನ ಮೇಲೆಯೇ ಇಟ್ಟು ಬರೆದರು: ಧನಿಯಾ, ಜೀರಿಗೆ, ಮರಾಠಿ ಮೊಗ್ಗು. ಮಸಾಲೆಪುಡಿಯ ಮರಾಠಿಗೆ ಗುಡಿಸು ಸರಿಯಾಗಿ ಬಂತು. ಆ ಮಗುವಿನ ಹೆಸರಿನ ಮುಂದೆ ಮಾತ್ರ ಶಾಯಿ ಒಣಗುತ್ತ ನನ್ನೊಳಗೆ ಇಳಿಯಿತು. ಇಳಿಯುವಾಗಲೇ ನನಗೇಕೋ ಅಳುಕಾಯಿತು.

ಗುಡ್ಡಪ್ಪ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ರಬ್ಬರ್ ತೋಟದ ಕೆಲಸಕ್ಕೆ ಹೋದ. ಮಾಸ್ತರರು ವರ್ಗವಾಗಿ ಹೋದರು, ಮತ್ತೆ ಏಳು ಜನ ಬಂದುಹೋದರು. ಕಪಾಟಿಗೆ ಎರಡು ಸಲ ಗೆದ್ದಲು ಹಿಡಿಯಿತು. ಪಕ್ಕದ ಹಾಜರಿ ಪುಸ್ತಕಗಳನ್ನೆಲ್ಲ ತಿಂದು ನನ್ನ ಬೆನ್ನಿನ ಹತ್ತಿರ ಬಂದು ಹಿಂದೆ ಸರಿಯಿತು. ಮೈಲುತುತ್ತದ ಮುದುಕ ಗಟ್ಟಿಗ. ಆ ಒಂದು ಪುಟವನ್ನಾದರೂ ತಿಂದುಬಿಡಬಾರದಿತ್ತೇ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೆ.

ನಲವತ್ತು ವರ್ಷದ ಮೇಲೆ ಒಂದು ಮಧ್ಯಾಹ್ನ ಗುಡ್ಡಪ್ಪ ಮಗಳನ್ನು ಕರೆದುಕೊಂಡು ಬಂದ. ಹರಿಣಾಕ್ಷಿ ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಪಂಗಡದ ಮೀಸಲಾತಿಯಲ್ಲಿ ಆಯ್ಕೆಯಾಗಿದ್ದಳು. ಓಟದಲ್ಲಿ ತಾಲೂಕಿಗೇ ಮೊದಲಿಗಳು. ಜಾತಿ ಪರಿಶೀಲನೆಗೆ ತಂದೆಯ ಶಾಲಾ ದಾಖಲೆ ಬೇಕು, ಎಂಟು ದಿನದೊಳಗೆ.

ಹೆಡ್ ಮಿಸ್ ವಾರಿಜಾ ಟೀಚರ್ ನನ್ನನ್ನು ಬಿಡಿಸಿದರು. ಬೆರಳು ಸಾಲಿನ ಮೇಲೆ ಜಾರುತ್ತ ಬಂದು ಒಂದೆಡೆ ನಿಂತಿತು.

"ಎಂತ ಉಂಟು ಟೀಚರ್ ಅದ್ರಲ್ಲಿ?" ಎಂದಳು ಹರಿಣಾಕ್ಷಿ.

"ಏನಿಲ್ಲ ಮಗಾ. ನಾಳೆ ಬನ್ನಿ, ನಕಲು ಕೊಡ್ತೇನೆ."

ಅವರು ಹೋದ ಮೇಲೆ ಟೀಚರ್ ಬಾಗಿಲು ಮುಂದೆ ಮಾಡಿದರು. ತಿದ್ದುಪಡಿಗೆ ಮೇಲಿನ ಕಚೇರಿಗೆ ಬರೆದರೆ ಆರು ತಿಂಗಳಾದರೂ ಬೇಕು. ಆ ಮನೆಯವರು ಮರಾಟಿ ನಾಯ್ಕರೆಂದು ಊರಿಗೆ ಊರೇ ಬಲ್ಲದು. ಇದ್ದದ್ದನ್ನು ಇದ್ದಹಾಗೆ ಮಾಡುವುದರಲ್ಲಿ ತಪ್ಪೇನು? ಅವರು ಪೆನ್ನಿನ ಮುಚ್ಚಳ ತೆಗೆದರು. ಬೇಡ ತಾಯಿ ಎಂದು ಕೂಗಬೇಕೆನಿಸಿತು ನನಗೆ. ಕಾಗದಕ್ಕೆ ಎಲ್ಲಿಯ ಬಾಯಿ? ಪೆನ್ನಿನ ಮೊನೆ ಠಕಾರದ ನೆತ್ತಿಯ ಮೇಲೆ ತಣ್ಣಗೆ ಊರಿತು. ಮರಾಠ ಮರಾಠಿಯಾಯಿತು. ನನ್ನಲ್ಲಿ ಆ ಮಗುವಿನ ಬಗ್ಗೆ ಮೊದಲ ಬಾರಿಗೆ ನಿಜ ಬರೆದಂತಾಯಿತು.

ಹರಿಣಾಕ್ಷಿ ಕೆಲಸಕ್ಕೆ ಸೇರಿದಳು. ಹನ್ನೊಂದು ತಿಂಗಳು ಯಾರೂ ನನ್ನನ್ನು ಮುಟ್ಟಲಿಲ್ಲ. ಆಮೇಲೆ ಹೆಸರಿಲ್ಲದ ಅರ್ಜಿಯೊಂದು ಹೋಯಿತಂತೆ. ತನಿಖೆಯ ಅಧಿಕಾರಿ ಭೂತಗನ್ನಡಿ ಹಿಡಿದು ಬಂದ. ಮರಾಠದ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಗುಡಿಸು ಮಾತ್ರ ನೀಲಿ, ಈಗಷ್ಟೇ ಚುಚ್ಚಿಸಿಕೊಂಡ ಹಚ್ಚೆಯ ಹಾಗೆ.

"ಈ ಗುಡಿಸು ಯಾರದ್ದು ಮೇಡಂ?"

"ನಂದೇ ಸರ್. ಆದ್ರೆ ಅದು ಸತ್ಯ. ಯಾರನ್ನು ಬೇಕಾದ್ರೂ ಕೇಳಿ."

"ಸತ್ಯವೋ ಸುಳ್ಳೋ ಅಂತ ನಾನು ಕೇಳ್ಲಿಲ್ಲ."

ಟೀಚರ್ ಅಮಾನತ್ತಾದರು. ಹರಿಣಾಕ್ಷಿಯ ಜಾತಿ ಪ್ರಮಾಣಪತ್ರ ರದ್ದಾಯಿತು. ನನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗು ಒತ್ತಿ ಕೋರ್ಟಿಗೆ ಒಯ್ದರು. ಅಲ್ಲಿ ಸರ್ಕಾರಿ ವಕೀಲರು ಕಟಕಟೆಯಲ್ಲಿದ್ದ ಹರಿಣಾಕ್ಷಿಯ ಮುಂದೆ ನನ್ನನ್ನು ಬಿಡಿಸಿ ಹಿಡಿದರು.

"ಹೇಳಮ್ಮ, ನೀವು ಮರಾಠಿಯೋ ಮರಾಠರೋ?"

"ನನ್ನ ಅಜ್ಜ ಸರಿಯಾಗಿಯೇ ಹೇಳಿದ್ದಾರೆ ಸರ್. ಬರೆದವರು ಕೇಳಿಸಿಕೊಳ್ಳಲಿಲ್ಲ."

ಆ ಮಾತನ್ನು ಸಾಕ್ಷ್ಯವೆಂದು ಯಾರೂ ಬರೆದುಕೊಳ್ಳಲಿಲ್ಲ. ತಿದ್ದಿದ ದಾಖಲೆಯನ್ನು ನಂಬಲಾಗದು ಎಂದು ತೀರ್ಪು ಬಂತು. ಆಕೆ ಖಾಕಿ ಬಟ್ಟೆ ಮರಳಿಸಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಸಿಪ್ಪೆಯ ಎಣ್ಣೆ ತಾಗಿ ಅವಳ ಬೆರಳುಗಳು ಕಪ್ಪಾಗಿವೆಯೆಂದು, ಇನ್ನೊಂದು ವಾಯಿದೆಗೆ ಬಂದ ಗುಡ್ಡಪ್ಪ ಯಾರಿಗೋ ಹೇಳುತ್ತಿದ್ದ.

ಮೇಲ್ಮನವಿ ಇನ್ನೂ ನಡೆದಿದೆ. ನಾನು ಕಡತಗಳ ಕೋಣೆಯಲ್ಲಿದ್ದೇನೆ. ಕಿಟಕಿಯಿಲ್ಲ. ಒಂದು ನಾಡಿನ ಹೆಸರಿನಿಂದ ಹುಟ್ಟಿದ ಆ ಪದ ಒಂದು ನುಡಿಯಾದದ್ದನ್ನು, ಜನವಾದದ್ದನ್ನು, ಸಾರಿನ ಮೊಗ್ಗಾದದ್ದನ್ನು ನಾನು ಬಲ್ಲೆ. ಮೊನ್ನೆ ಅದಕ್ಕೆ ಹುಟ್ಟಿದ ಇನ್ನೊಂದು ಅರ್ಥವನ್ನೂ ಕೇಳಿದೆ. ಹೊಸ ಗುಮಾಸ್ತನೊಬ್ಬ ಕಡತದ ತಾರೀಖೊಂದನ್ನು ಪೆನ್ನಿನಿಂದ ತಿದ್ದಲು ಹೋದಾಗ ಹಳಬ ಅವನ ಕೈ ಹಿಡಿದು ನಕ್ಕ.

"ಏ ಮಾರಾಯ, ಅದನ್ನು ಮರಾಠಿ ಮಾಡ್ಬೇಡ."

ಹೊಸಬನೂ ನಕ್ಕ. ಅವನಿಗೆ ಆಗಲೇ ಅರ್ಥವಾಗಿತ್ತು.